ತುದಿಯಿಲ್ಲದ ಬೇರು

"ಸೊನ್ನೆ!" ಎಂದು ಪರೀಕ್ಷಕರು ಕೆಂಪು ಪೆನ್ನಿನಿಂದ ದುಂಡಗೆ ಬರೆದೇಬಿಟ್ಟರು. "ಕೋಶ ವಿಭಜನೆಯ ನಾಲ್ಕು ಹಂತ ಬಿಡಿಸು ಅಂದ್ರೆ ಏನಮ್ಮ ಇದು? ಇಟ್ಟಿಗೆ ಜೋಡಿಸಿದ ಹಾಗೆ ಬರೀ ಡಬ್ಬಿ, ಡಬ್ಬಿಗೊಂದು ಚುಕ್ಕೆ!"

"ಸೂಕ್ಷ್ಮದರ್ಶಕದಲ್ಲಿ ನನಗೆ ಕಂಡಿದ್ದೇ ಅಷ್ಟು ಸರ್," ಎಂದಳು ಕನ್ನಡಕದ ಹುಡುಗಿ. "ಒಂದು ಕೋಶಾನೂ ಒಡೀತಾ ಇಲ್ಲ. ಎಲ್ಲಾ ಸುಮ್ನೆ ಕೂತಿವೆ."

"ಓಹೋ! ಉಳಿದ ಇಪ್ಪತ್ತೊಂಬತ್ತು ಜನಕ್ಕೆ ಕಂಡಿದ್ದು ನಿನಗೊಬ್ಬಳಿಗೇ ಕಾಣಲಿಲ್ವಾ?"

ಮೂಲೆಯಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಈರುಳ್ಳಿ ಅಕ್ಕನ ಕೈ ನಿಂತಿತು. ಆಕೆ ಪ್ರಯೋಗಾಲಯದ ಸಹಾಯಕಿ. ಇಪ್ಪತ್ತೆರಡು ವರ್ಷದಿಂದ ಈರುಳ್ಳಿಯನ್ನು ನೀರಿನ ಮೇಲೆ ಕೂರಿಸಿ, ಬೇರು ಬರಿಸಿ, ಕತ್ತರಿಸಿ, ಬಣ್ಣ ಹಚ್ಚಿ ಸ್ಲೈಡ್ ಮಾಡಿಕೊಟ್ಟವಳು. ಅದಕ್ಕೇ ಮಕ್ಕಳು ಇಟ್ಟ ಹೆಸರು. ಈ ಸಲ ರಜೆಯಲ್ಲಿ ನೀರು ಬದಲಿಸುವವರಿಲ್ಲದೆ ಬೇರುಗಳೆಲ್ಲ ಕೊಳೆತಿದ್ದವು. ಹಳೇ ಬಾಟಲಿಯಲ್ಲಿದ್ದದ್ದು ತುದಿ ಕತ್ತರಿಸಿ ಬಿಟ್ಟ ಮೋಟು ಬೇರು. "ತುದಿಯಲ್ಲಷ್ಟೇ ಕೋಶ ಒಡೆಯೋದು ಮೇಡಂ, ಇದರಲ್ಲಿ ಏನೂ ಕಾಣಲ್ಲ," ಎಂದು ಬೆಳಿಗ್ಗೆಯೇ ಬಡಕೊಂಡಿದ್ದಳು. "ಬೇರು ಅಂದ್ರೆ ಬೇರು, ಹಾಕು ಹೋಗು. ಹೇಗೂ ಚಿತ್ರ ಬಾಯಿಪಾಠ ಇರುತ್ತೆ ಅವರಿಗೆ," ಎಂದು ವಿಭಾಗದ ಮುಖ್ಯಸ್ಥೆ ಬಾಯಿ ಮುಚ್ಚಿಸಿದ್ದರು. ಅಕ್ಕನೂ ತೆಪ್ಪಗೆ ಹಾಕಿದ್ದಳು.

ಈಗ ಅಕ್ಕನಿಗೆ ಮೈಯೆಲ್ಲ ಉರಿಯಿತು, ತನ್ನ ಮೇಲೂ ಸಿಟ್ಟು ಬಂತು. ಉಳಿದವರ ಚಿತ್ರಗಳಲ್ಲಿ ಕೋಶದೊಳಗಿನ ದಾರಗಳು ದಪ್ಪವಾದವಂತೆ, ನಡುವೆ ಸಾಲುಗಟ್ಟಿದವಂತೆ, ಎರಡು ತುದಿಗೆ ಎಳೆದುಕೊಂಡು ಹೋದವಂತೆ, ಒಂದು ಕೋಶ ಎರಡಾಯಿತಂತೆ! ಇಪ್ಪತ್ತೊಂಬತ್ತು ಹಸಿ ಸುಳ್ಳಿಗೆ ಒಂಬತ್ತು, ಹತ್ತು ಅಂಕ. ಕಂಡದ್ದು ಬರೆದವಳಿಗೆ ಸೊನ್ನೆ. ಈ ಸೊನ್ನೆಯಿಂದ ಹುಡುಗಿ ಫೇಲಾದರೆ ಇಡೀ ವರ್ಷ ಮಣ್ಣುಪಾಲು.

"ಸರ್, ಒಂದ್ನಿಮಿಷ." ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು.

"ನಿಮಗ್ಯಾಕಮ್ಮ ಇದೆಲ್ಲ? ಹೋಗಿ ತೊಳೀರಿ."

"ತೊಳೀತೀನಿ. ಮೊದಲು ಇದನ್ನ ನೋಡಿ." ಟ್ರೇಯನ್ನು ಅವರ ಮೂಗಿನ ಕೆಳಗೇ ಹಿಡಿದಳು. ನಂಬರ್ ಅಂಟಿಸಿದ ಮೂರು ಸ್ಲೈಡುಗಳು ಹಾಗೇ ಇದ್ದವು. "ಈ ಮೂರು ನಂಬರಿನವರು ಸ್ಲೈಡ್ ತಗೊಂಡೇ ಇಲ್ಲ. ಚಿತ್ರ ಮಾತ್ರ ಬಿಡಿಸಿದ್ದಾರೆ. ಮೂವರಿಗೂ ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ!"

ಪರೀಕ್ಷಕರ ಕಿವಿ ಕೆಂಪಾಯಿತು. ಗಂಟಲು ಸರಿಮಾಡಿಕೊಂಡು, ಹುಡುಗಿಯತ್ತ ಒಂದು ಹೊಸ ಹಾಳೆ ತಳ್ಳಿ ದನಿ ತಗ್ಗಿಸಿದರು. "ಹೋಗಲಿ ಬಿಡಮ್ಮ. ಪುಸ್ತಕದಲ್ಲಿರೋ ಹಾಗೆ ನಾಲ್ಕು ಹಂತ ಬಿಡಿಸಿಬಿಡು. ಪಾಸ್ ಮಾಡ್ತೀನಿ."

ಹುಡುಗಿಯ ಕಣ್ಣು ತುಂಬಿತು. ಆದರೂ ಪೆನ್ಸಿಲ್ ಎತ್ತಿಕೊಂಡಳು.

"ಬೇಡ ಕಣೇ, ಕೊಡು ಇಲ್ಲಿ!" ಅಕ್ಕ ಪೆನ್ಸಿಲ್ಲನ್ನೂ ಹೊಸ ಹಾಳೆಯನ್ನೂ ಕಿತ್ತುಕೊಂಡು ಪರೀಕ್ಷಕರ ಮುಂದಿಟ್ಟಳು. "ನೀವು ಓದಿದವರು ಸರ್. ಅವಳ ಸ್ಲೈಡ್ ಇನ್ನೂ ಅಲ್ಲೇ ಇದೆ. ನಿಮಗೆ ಏನು ಕಾಣುತ್ತೋ ಅದನ್ನೇ ಬಿಡಿಸಿ ತೋರಿಸಿ."

ಮೂವತ್ತು ಜೊತೆ ಕಣ್ಣು ತಮ್ಮ ಮೇಲಿರುವುದನ್ನು ಕಂಡು ಪರೀಕ್ಷಕರು ಬೇರೆ ದಾರಿಯಿಲ್ಲದೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ತಿರುಪನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಸ್ಲೈಡನ್ನು ಮೇಲೆ ಕೆಳಗೆ ಸರಿಸಿದರು. ಕೊನೆಗೆ ಪೆನ್ಸಿಲ್ ಹಿಡಿದರು. ಒಂದು ಡಬ್ಬಿ, ಅದಕ್ಕೊಂದು ಚುಕ್ಕೆ. ಪಕ್ಕದಲ್ಲಿ ಇನ್ನೊಂದು ಡಬ್ಬಿ, ಇನ್ನೊಂದು ಚುಕ್ಕೆ.

ಅಕ್ಕ ಆ ಹಾಳೆಯನ್ನು ಹುಡುಗಿಯ ಹಾಳೆಯ ಪಕ್ಕಕ್ಕೆ ಇಟ್ಟು, ಕೆಂಪು ಪೆನ್ನನ್ನು ಅವರ ಕೈಗೇ ಕೊಟ್ಟಳು.

"ಈಗ ಇದಕ್ಕೆಷ್ಟು ಕೊಡ್ತೀರಿ, ಸರ್?"