ಹಸಿರು ಚಕ್ರ

"ಈ ವರ್ಷ ಬಾಗಿಲಿಗೆ ಇದು ಬೇಡ ಅಜ್ಜಿ," ಎಂದರು ಹೊಸದಾಗಿ ಬಂದ ಪಾದ್ರಿ.

ಚರ್ಚು ಗುಡಿಸುವ ಅಜ್ಜಿಯ ಕೈ ಅಲ್ಲೇ ನಿಂತಿತು. ಕ್ರಿಸ್‌ಮಸ್ಸಿಗೆ ಇನ್ನು ಐದೇ ದಿನ. ಅವಳ ಮಡಿಲಲ್ಲಿ ಗಂಡನ ಹಳೇ ಸೈಕಲ್ಲಿನ ರಿಮ್ಮು, ಅದಕ್ಕೆ ಅರ್ಧ ಸುತ್ತಿದ ಹಸಿರೆಲೆ. ಚರ್ಚಿನ ಗಂಟೆ ಹೊಡೆಯುತ್ತಿದ್ದ ಗಂಡ ತೀರಿಕೊಂಡ ವರ್ಷದಿಂದ ಒಮ್ಮೆಯೂ ತಪ್ಪದೆ ಆ ಚಕ್ರ ಬಾಗಿಲ ಮೇಲೆ ತೂಗಿತ್ತು. ಅವನ ನೆನಪಿಗೆಂದು ಅವಳು ಮಾಡುತ್ತಿದ್ದುದು ಅದೊಂದೇ.

"ಯಾಕೆ ಫಾದರ್?"

"ಇದು ಅನ್ಯಜನರ ಆಚಾರ. ಯೇಸು ಹುಟ್ಟೋಕೆ ಮುಂಚೆ, ಚಳಿಗಾಲದಲ್ಲಿ ಸೂರ್ಯ ವಾಪಸ್ ಬರಲಿ ಅಂತ ಹಸಿರು ಕಟ್ತಿದ್ರು. ಬೇಕಾದ್ರೆ ಓದಿ ನೋಡಿ." ಪಾದ್ರಿ ದಪ್ಪ ಪುಸ್ತಕವೊಂದನ್ನು ಅವಳ ಕೈಗಿತ್ತರು. ಅವಳು ಓದಿಯಾಳೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಅಜ್ಜಿ ಬಿಟ್ಟುಕೊಡುವ ಆಸಾಮಿಯಲ್ಲ. ಮುರಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡು ನಾಲ್ಕು ದಿನ ಕೂತು ಓದಿದಳು. ಕತ್ತಲಿಗೆ ಹೆದರಿ ಹಸಿರು ಕಟ್ಟಿದ ಆ ಜನರ ಮೇಲೆ ಅವಳಿಗೆ ಪ್ರೀತಿಯೇ ಬಂತು. ಗಂಡ ಹೋದ ಚಳಿಗಾಲ ತಾನು ಕಟ್ಟಿದ್ದೂ ಹಾಗೇ ಅಲ್ಲವೇ? ಪಾದ್ರಿಯ ಮೇಲೆ ಮಾತ್ರ ಮೈಯೆಲ್ಲ ಉರಿಯುವ ಸಿಟ್ಟು.

ಹಬ್ಬದ ಹಿಂದಿನ ಮಧ್ಯಾಹ್ನ ಒಳಗೆ ಬಂದ ಪಾದ್ರಿ ಬೆಚ್ಚಿಬಿದ್ದರು. ಅಲಂಕಾರದ ಮರ, ಸಾಲು ಮೇಣದಬತ್ತಿ, ಮಕ್ಕಳಿಗೆಂದು ಕಟ್ಟಿಟ್ಟ ಉಡುಗೊರೆ, ಎಲ್ಲವೂ ಮೂಲೆ ಸೇರಿದ್ದವು. ಚರ್ಚು ಬಿಕೋ ಎನ್ನುತ್ತಿತ್ತು.

"ಏನಜ್ಜಿ ಇದು!"

"ನಿಮ್ಮ ಪುಸ್ತಕದಲ್ಲಿದ್ದದ್ದನ್ನೆಲ್ಲ ತೆಗೆದೆ ಫಾದರ್. ಮರ ಮೂವತ್ತನೇ ಪುಟ, ಬತ್ತಿ ನಲವತ್ತೆರಡು, ಉಡುಗೊರೆ ಅರವತ್ತು. ಎಲ್ಲಾ ಅವರದ್ದೇ. ನನ್ನ ಚಕ್ರ ಒಂದಕ್ಕೇ ಯಾಕೆ ಶಿಕ್ಷೆ?"

"ನಾಳೆ ಮಕ್ಕಳು ಬರ್ತಾರಲ್ಲ!"

"ನಾಳೆಯ ಹಬ್ಬವೂ ಬೇಡ ಬಿಡಿ. ಇನ್ನೊಂದು ಬಾಕಿ ಇದೆ." ಅಜ್ಜಿ ಗೋಡೆಯತ್ತ ಕೈ ತೋರಿಸಿದಳು. ಎತ್ತರದಲ್ಲಿದ್ದ ಕ್ಯಾಲೆಂಡರಿನ ಕೆಳಗೆ ಏಣಿ ಒರಗಿಸಿಟ್ಟಿದ್ದಳು. "ಇಪ್ಪತ್ತೈದನೇ ತಾರೀಖು. ಅದೂ ಅವರ ಸೂರ್ಯನ ಹುಟ್ಟುಹಬ್ಬವಂತೆ, ತೊಂಬತ್ತನೇ ಪುಟ. ನನಗೆ ಎಟುಕಲ್ಲ. ನೀವೇ ಹತ್ತಿ ಹರಿದುಹಾಕಿ."

ಪಾದ್ರಿ ಏಣಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಕೊನೆಗೆ ನಿಲುವಂಗಿಯನ್ನು ಮೇಲೆತ್ತಿ ಕಟ್ಟಿ, ಏಣಿಯನ್ನು ಹೆಗಲಿಗೇರಿಸಿ, ಹೊರಬಾಗಿಲಿನ ಕಡೆ ನಡೆದರು.

"ಚಕ್ರ ಕೊಡಿ ಅಜ್ಜಿ."

ಅಜ್ಜಿ ಕದದ ಹಿಂದಿನಿಂದ ಅದನ್ನು ಎತ್ತಿ ತಂದಳು. ಬೆಳಿಗ್ಗೆಯೇ ಪೂರ್ತಿ ಕಟ್ಟಿ ಮುಗಿಸಿದ್ದ ಹಸಿರಿನ ಮೇಲೆ, ಚಿಮುಕಿಸಿದ ನೀರಿನ್ನೂ ಆರಿರಲಿಲ್ಲ.