ಚಂದ್ರಿಕೆಯ ಹಿಂದೆ

ಶ್ವೇತ ಸೊಪ್ಪಿನ ಮೇಲಿಂದ ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಪಕ್ಕದ ಮನೆಯ ಸರಸಮ್ಮ ಅವಳ ಜೊತೆ ಆರಿಸಲು ಬಂದಿದ್ದಳು. ಸೆಕೆಗೆ ಹುಳುಗಳು ಅಂದುಕೊಂಡಿದ್ದಕ್ಕಿಂತ ಮೊದಲೇ ಹಣ್ಣಾಗಿದ್ದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗಳ ಮೇಲೆ ಇವತ್ತೇ ಬಿಡಬೇಕು. ಹಿತ್ತಲಿನಿಂದ ಚಂದ್ರಿಕೆ ತರಲು ಹೊರಟ ಮೈದುನನಿಗೆ, "ಗೋಡೆಗೆ ಒರಗ್ಸಿರೋ ಕೊನೇದೊಂದ ಬುಟ್ಬುಡು ನಾಗರಾಜು" ಎಂದಿದ್ದಳು. ಯಾಕೆಂದು ಹೇಳಿರಲಿಲ್ಲ.

ಅದರ ಹಿಂದೆ ಅವಳ ಬಾತು ಕಾವಿಗೆ ಕೂತು ತಿಂಗಳಾಗುತ್ತ ಬಂದಿತ್ತು. ತವರಿನಿಂದ ತಂದ ಬಾತು. ಹಿಂದಿನ ಸಲ ಅದು ಕಾವಿಗೆ ಕೂತಾಗ ಅತ್ತೆ ಬೋರಮ್ಮನಿಗೆ ಖುಷಿಯಿಂದ ಹೇಳಿದ್ದಳು. ಅತ್ತೆ ನಕ್ಕಿದ್ದಳು. "ಬಾತು ಎಲ್ಲಾರ ಕಾವು ಕೂತ್ಕತ್ತದೇನಮ್ಮಿ? ಮೊಟ್ಟೆ ಹಾಕಿದ್ ಕಡೆ ಮರ್ತೋಗೋ ಜಾತಿ ಅದು. ಕೋಳಿ ಕೆಳಗೆ ಮಡುಗಿದ್ರೆ ಮರಿ, ಇಲ್ದಿದ್ರೆ ಸಾರು." ಆ ಮೊಟ್ಟೆಗಳು ಅವತ್ತೇ ಸಾರಾದವು. ಬಾತು ಜಾಗ ಬದಲಿಸಿತು. ಚಂದ್ರಿಕೆಯ ಹಿಂದೆ ಹೊಸದಾಗಿ ಮೊಟ್ಟೆಯಿಟ್ಟು, ಎದೆಯ ಮೆತ್ತನೆ ಪುಕ್ಕ ಕಿತ್ತು ಹಾಸಿಕೊಂಡಿತು. ಈ ಸಲ ಶ್ವೇತ ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಾಗ ಒಳಗಿಂದ ಸಣ್ಣಗೆ ಚಿವ್ ಎಂದಿತ್ತು.

"ಏಯ್, ಇಲ್ ಬಾರೇ!" ಮಧ್ಯಾಹ್ನದ ಊಟದ ಹೊತ್ತಿಗೆ ಹಿತ್ತಲಿನಿಂದ ಬೋರಮ್ಮ ಕೂಗಿದಳು. ಶ್ವೇತ ಓಡಿದಳು. ಹಿಂದೆಯೇ ಸರಸಮ್ಮ.

ಗೋಡೆ ಬೋಳಾಗಿತ್ತು; ಕೊನೆಯ ಚಂದ್ರಿಕೆಯನ್ನೂ ನಾಗರಾಜು ಹೊತ್ತು ನಿಂತಿದ್ದ. ನೆಲದ ತುಂಬ ಪುಕ್ಕ. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ನಾನೂ ನೋಡ್ತಾನೇ ಇವ್ನಿ, ಒಂದು ಬಾತು ಮೊಟ್ಟೆನೇ ಕೊಡ್ತಿಲ್ವಲ್ಲ ಅಂತ. ಇಲ್ಲಿ ಪುಕ್ಕ ಮುಚ್ಚಿ ಬಚ್ಚಿಟ್ಟಿದ್ದೀಯ! ತವರಿಗೆ ಸಾಗ್ಸಕ್ಕಾ?"

"ಮುಚ್ಚಿದ್ದು ಬಾತು, ಅತ್ತೆ. ದಿನಾ ಮೈ ನೆನಸ್ಕಳಕ್ಕೆ ಹೋಗ್ವಾಗ ಮುಚ್ಚಿಟ್ಟೋಯ್ತದೆ."

"ಕೇಳ್ದ ಸರಸಮ್ಮ? ಬಾಣಂತಿ ಸ್ನಾನಕ್ಕೋಗೈತಂತೆ!"

ಸರಸಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಎಣ್ಣೆ ಸೀಗೇಕಾಯಿ ಕೊಟ್ಟು ಕಳ್ಸಿದ್ಯೇನಮ್ಮಿ?"

"ಹುಳ ಆರ್ಸಕ್ಕೆ ಬಂದೋರ್ಗೆ ಅಂತ ಬೇಯಕ್ಕಿಟ್ಟೆ" ಎಂದಳು ಬೋರಮ್ಮ. "ಕದ್ದಿಟ್ಟಿದ್ದು ನಾಕು ಜನದ ಹೊಟ್ಟೆಗಾದ್ರೂ ಹೋಗ್ಲಿ. ನಿಂತ್ಕಬ್ಯಾಡ, ಸುಲ್ದು ತಟ್ಟೆಗಾಕು."

ಶ್ವೇತ ಒಲೆಯ ಬಳಿಗೆ ಹೋದಳು. ಸೌಟಿನಿಂದ ಒಂದು ಮೊಟ್ಟೆ ಎತ್ತಿ ಅಂಗೈಗೆ ಹಾಕಿಕೊಂಡಳು. ಸುಟ್ಟಿತು. ಬಿಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಕುಟ್ಟಿ, ಸಿಪ್ಪೆ ಸುಲಿದು, ಒಳಗಿದ್ದುದನ್ನು ಸ್ಟೀಲ್ ತಟ್ಟೆಗಿಟ್ಟು ಅತ್ತೆಯ ಮುಂದೆ ಹಿಡಿದಳು.

ಒದ್ದೆಯಾದ ಕಪ್ಪು ರೋಮ. ಹೊಟ್ಟೆಗೆ ಮಡಿಸಿಕೊಂಡ ಜಾಲಪಾದ. ಸಿಪ್ಪೆ ಒಡೆಯಲೆಂದು ಮೇಲೆತ್ತಿದ್ದ ಕೊಕ್ಕು.

ಸರಸಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ತಿರುಗಿ ನಿಂತಳು. ಚಂದ್ರಿಕೆ ಹೊತ್ತಿದ್ದ ನಾಗರಾಜು ಅದನ್ನು ಇಳಿಸಲೂ ಇಲ್ಲ, ಒಯ್ಯಲೂ ಇಲ್ಲ.

"ಅಷ್ಟು ದಿನ ಆಗಿತ್ತು ಅಂತ ನಂಗೇನಮ್ಮಿ ಗೊತ್ತು..." ಬೋರಮ್ಮ ಹಿಂದೆ ಸರಿದಳು. "ನೀನೊಂದ್ ಮಾತು ಹೇಳಿದ್ರೆ..."

"ಹಿಂದ್ಲ ಸಲ ಹೇಳಿದ್ನಲ್ಲ."

ಆಗ ಬೋರ್‌ವೆಲ್ ತೊಟ್ಟಿಯ ಕಡೆಯಿಂದ ಬಾತು ಬಂತು. ರೆಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರ ಕಾಲುಗಳ ನಡುವೆ ಹಾದು, ಬೋಳು ಗೋಡೆಯ ಬುಡದಲ್ಲಿ ಒಮ್ಮೆ ಸುತ್ತು ಹಾಕಿ, ಚೆದುರಿದ ಪುಕ್ಕವನ್ನು ಕೊಕ್ಕಿನಿಂದ ಹತ್ತಿರಕ್ಕೆ ಎಳೆದುಕೊಂಡು ಬರಿಯ ನೆಲದ ಮೇಲೆ ಕೂತಿತು.

ಶ್ವೇತ ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಸೌಟನ್ನು ಅತ್ತೆಯತ್ತ ಚಾಚಿದಳು.

"ಮಿಕ್ಕವನ್ನ ನೀವೇ ಸುಲೀರಿ, ಅತ್ತೆ."

ಚಾಚಿದ ಸೌಟಿನಿಂದ ಬಿಸಿನೀರು ತೊಟ್ಟಿಕ್ಕಿ ನಿಂತಿತು. ಯಾವ ಕೈಯೂ ಮುಂದೆ ಬರಲಿಲ್ಲ.