ಅವಳು ಹೇಗಿದ್ದಳು?

ಮಧ್ಯಾಹ್ನ ಪತ್ರಿಕಾ ಕಚೇರಿಗೆ ಬಂದ ಹೆಂಗಸು ಮಡಚಿದ್ದ ಪೇಪರನ್ನು ಉಪಸಂಪಾದಕಿಯ ಮೇಜಿನ ಮೇಲೆ ಬಿಡಿಸಿಟ್ಟಳು. ‘ಶೀಲ ಶಂಕಿಸಿ ಪತ್ನಿಯ ಕೊಲೆ.’

“ಇದು ನನ್ನ ಮಗಳು,” ಎಂದಳು.

ಉಪಸಂಪಾದಕಿ ಬಗ್ಗಿ ಓದಿದಳು. ಆ ಶೀರ್ಷಿಕೆ ಕೊಟ್ಟವಳು ಅವಳೇ. ಪುಟ ಮುಗಿಸುವ ಗಡಿಬಿಡಿಯಲ್ಲಿ ಇಂಥ ಸುದ್ದಿಗೆಲ್ಲ ಅದೊಂದೇ ಸಾಲು ತಾನಾಗಿ ಕೈಗೆ ಬರುತ್ತಿತ್ತು. ಯಾರ ಅಳತೆಗೂ ಹೊಲಿಯದೆ ಎಲ್ಲರಿಗೂ ತೊಡಿಸುವ ಅಂಗಿಯ ಹಾಗೆ.

“ಅವಳ ಮೇಲೆ ಅನುಮಾನ ಇತ್ತು ಅಂತ ನಿಮಗೆ ಯಾರು ಹೇಳಿದ್ರಮ್ಮ?” ಎಂದು ತಾಯಿ ಕೇಳಿದಳು.

“ಪೊಲೀಸರು.”

“ಅವರಿಗೆ?”

ಉಪಸಂಪಾದಕಿ ತಡವರಿಸಿದಳು. “ನಿಮ್ಮ ಅಳಿಯನೇ ಹೇಳಿಕೆ ಕೊಟ್ಟಿದ್ದು.”

“ಅಂದ್ರೆ ಕೊಂದವನನ್ನ ಕೇಳಿ ಬರೆದ್ರಿ. ಹೆತ್ತವಳು ಇಲ್ಲೇ ಎರಡು ಬೀದಿ ಆಚೆ ಇದ್ದೆ.”

ಸಿಟ್ಟಿನಿಂದ ಆಡಿದ ಮಾತಲ್ಲ. ಅವಳ ಸಂಕಟವೇ ಬೇರೆ. ಮಗಳ ಬಗ್ಗೆ ಯಾರ ಹತ್ತಿರವಾದರೂ ಮನಸಾರೆ ಮಾತಾಡಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. ಪೇಪರಿನಲ್ಲಿ ಬಂದ ಮೇಲೆ, ಮನೆಗೆ ಬಂದವರೆಲ್ಲ ದನಿ ತಗ್ಗಿಸಿ, ನಿಜಕ್ಕೂ ಏನು ನಡೆದಿತ್ತು ಎಂದು ಕೆದಕುವವರೇ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಸ್ವಂತ ನಾದಿನಿಯೇ ಅಂದಳಂತೆ. ಬಟ್ಟೆ ಒಣಹಾಕುತ್ತ ಮಗಳು ಹಾಡುತ್ತಿದ್ದುದನ್ನು ಒಮ್ಮೆ ಆಸೆಯಿಂದ ನೆನೆದಾಗ, ಯಾರು ಕೇಳಲಿ ಅಂತ ಹಾಡುತ್ತಿದ್ದಳೋ ಎಂದು ಪಕ್ಕದ ಮನೆಯಾಕೆ ಗೊಣಗಿದ್ದಳು. ಅಂದಿನಿಂದ ತಾಯಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮಗಳು ಎರಡನೇ ಸಲ ಸತ್ತಂತಾಗಿತ್ತು.

ನಾಳೆಯೇ ಸ್ಪಷ್ಟನೆ ಹಾಕಿಸುತ್ತೇನೆ ಎಂದಳು ಉಪಸಂಪಾದಕಿ. ಒಳಪುಟದ ಮೂಲೆಯಲ್ಲಿ ಬರುವ ಅದನ್ನು ಎಷ್ಟು ಜನ ಓದುತ್ತಾರೆಂಬುದು ಅವಳಿಗೂ ಗೊತ್ತಿತ್ತು. ತಾಯಿ ಬೇಡವೆಂದು ತಲೆಯಾಡಿಸಿದಳು.

“ಅವಳು ಹೇಗಿದ್ಲು ಅಂತ ಒಬ್ಬರೂ ಕೇಳಲಿಲ್ಲ. ನೀವಾದ್ರೂ ಕೇಳಿ ತಾಯಿ.”

ಉಪಸಂಪಾದಕಿ ಕುರ್ಚಿ ಎಳೆದು ಅವಳನ್ನು ಕೂರಿಸಿ, ನೀರು ಕೊಟ್ಟಳು. ತಾನೂ ಎದುರಿಗೆ ಕೂತಳು.

“ಹೇಳಿ ಅಮ್ಮ. ಹೇಗಿದ್ಲು?”

ತಾಯಿಯ ಮುಖ ಅರಳಿತು. “ಅವಳು ನಕ್ಕರೆ ಇಡೀ ಬೀದಿಗೇ…” ಎಂದವಳು ತಟ್ಟನೆ ನಿಲ್ಲಿಸಿದಳು. ಅಕ್ಕಪಕ್ಕದ ಮೇಜಿನವರು ಕೆಲಸ ಬಿಟ್ಟು ಇತ್ತಲೇ ಕಿವಿಗೊಟ್ಟಿದ್ದರು. ಅವಳು ಒಬ್ಬೊಬ್ಬರನ್ನೇ ನೋಡಿದಳು. ಮುಖ ಮತ್ತೆ ಮುದುಡಿತು.

“ಇಲ್ಲ, ಹಾಗೆಲ್ಲ ಇಲ್ಲ,” ಎಂದಳು. “ನನ್ನ ಮಗಳು ನಗ್ತಾನೇ ಇರಲಿಲ್ಲಮ್ಮ.”